ನೀರಗಂಟಿಯ ಡ್ರಮ್ಮು

ನನ್ನ ಕಿವಿ ಚೆನ್ನಾಗಿಯೇ ಇವೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಕರೇಬಾವಿಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಗಿರಣಿ ಗುಡ್ಡಪ್ಪನ ಕಿವಿಯೇ ಕಾರಣವೆಂದು ಊರಿಗೆ ಊರೇ ತೀರ್ಪು ಕೊಟ್ಟು ಕುಳಿತಿದೆ. ನಾನು ಹಿಟ್ಟಿನ ಗಿರಣಿ ನಡೆಸುವವನು. ಗಿರಣಿ ಶುರುವಾಯಿತೆಂದರೆ ಆ ಬೆಲ್ಟಿನ ಸದ್ದಿನಲ್ಲಿ ಮಾತಿನ ತಲೆ ಕೇಳಿದರೆ ಬಾಲ ಕೇಳುವುದಿಲ್ಲ, ಬಾಲ ಕೇಳಿದರೆ ತಲೆ ಇರುವುದಿಲ್ಲ. ಜೋಳದ ಬುಟ್ಟಿ ಇಟ್ಟು ಸುಮ್ಮನೆ ನಿಲ್ಲಿರೆಂದರೆ ಈ ಜನ ನಿಲ್ಲುವುದೂ ಇಲ್ಲ. ಊರಿನ ಗುಟ್ಟುಗಳೆಲ್ಲ ಅಲ್ಲಿಯೇ, ಆ ಸದ್ದಿನ ನಡುವೆಯೇ ಹೊರಬೀಳಬೇಕು. ಅದಕ್ಕೆ ನಾನೇನು ಮಾಡಲಿ?

ಇನ್ನು ಫಕ್ಕೀರೇಶ. ಬಂಕಾಪುರದಿಂದ ಹಾನಗಲ್ಲಿನ ಕಡೆಗೆ ಬರುವ ದಾರಿಯಲ್ಲಿ ಒಳಗೆ ಸರಿದು ಕುಳಿತಿರುವ ನಮ್ಮ ಕರೇಬಾವಿಗೆ ಅವನೇ ನೀರಗಂಟಿ. ಪಂಚಾಯ್ತಿಯ ಟಾಕಿಗೆ ಬೋರಿನ ನೀರೇರಿಸಿ, ವಾಲ್ವು ತಿರುಗಿಸಿ, ಓಣಿ ಓಣಿಗೆ ನಳ ಬಿಡುವುದು ಅವನ ಕೆಲಸ. ಮೊದಲು ನಳ ಬಂದ ಓಣಿಯವರು ಅವನನ್ನು ದೇವರೆನ್ನುತ್ತಾರೆ. ಕೊನೆಗೆ ಬಂದ ಓಣಿಯವರು ಅವನ ಹಿಂದಿನ ತಲೆಮಾರುಗಳನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರೆ. ಇಷ್ಟು ವರ್ಷ ದುಡಿದರೂ ಅವನು ಹಂಗಾಮಿ ನೌಕರನೇ. ಬರುವ ಸಭೆಯಲ್ಲಿ ಅವನನ್ನು ಖಾಯಂ ಮಾಡುವ ಠರಾವು ತರುತ್ತೇನೆಂದು ಪಂಚಾಯ್ತಿ ಅಧ್ಯಕ್ಷೆ ಮುಮ್ತಾಜಬೇಗಂ ನಾಲ್ಕು ಜನರೆದುರು ಹೇಳಿಬಿಟ್ಟಿದ್ದರು. ಅಂದಿನಿಂದ ಫಕ್ಕೀರೇಶ ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸಿಕೊಂಡು ವಾಲ್ವು ತಿರುಗಿಸತೊಡಗಿದ್ದ. ಖಾಯಂ ಎಂಬ ಒಂದು ಶಬ್ದದ ಮೇಲೆ ಆ ಮನೆಯೆಲ್ಲ ಉಸಿರು ಬಿಗಿಹಿಡಿದು ನಿಂತಿತ್ತು.

ಅಂಥ ಹೊತ್ತಿನಲ್ಲಿ ಈ ಮಹಾಶಯ ವಾಲ್ವಿನ ವಾಶರ್ ತರಲು ಸವಣೂರಿಗೆ ಹೋದ. ವಾಶರ್ ಮರೆತ. ಮೀನು ತಂದ.

ಸವಣೂರಿನಲ್ಲಿ ಗೌಸಸಾಬನದು ಬಣ್ಣದ ಮೀನಿನ ಅಂಗಡಿ. ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ನೀಲಿ ಪಟ್ಟೆಯ ಸಣ್ಣ ಮೀನುಗಳು ಥಳಥಳ ಹೊಳೆಯುವುದನ್ನು ನೋಡುತ್ತ ನಮ್ಮವನು ಬಾಯಿ ತೆರೆದು ನಿಂತದ್ದೇ ತಪ್ಪಾಯಿತು. ವ್ಯಾಪಾರಿಗೆ ಅಷ್ಟು ಸಾಕು.

"ಈಶಾನ್ಯ ಮೂಲ್ಯಾಗ ಇಡ್ರಿ, ನೌಕರಿ ಗಟ್ಟಿ ಆಕ್ಕೈತಿ" ಎಂದ ಗೌಸಸಾಬ. "ಆದ್ರ ಒಂದ ಮಾತು. ನಳದ ನೀರು ಹಾಕಬ್ಯಾಡ್ರಿ. ಅದರಾಗ ಬ್ಲೀಚಿಂಗ್ ಪೌಡರ ಇರ್ತೈತಿ, ಇವು ಸಾಯ್ತಾವ. ಬರೇ ಬೋರಿನ ನೀರೂ ಗಡಸು, ಬಾಳ ದಿನ ತಾಳಂಗಿಲ್ಲ. ಶುದ್ಧ ನೀರಿನ ಘಟಕದ ನೀರು ತಂದು, ನಾ ಕೊಡೋ ಉಪ್ಪು ಚಿಟಿಕಿ ಬೆರಸಿ ಹಾಕ್ರಿ. ನೀರಿಡೋ ಡ್ರಮ್ಮು ಹೊಸಾದಿರಬೇಕ. ಸಾಬಾಣದ ವಾಸನಿ, ಎಣ್ಣಿ ಕೈ ತಾಗಬಾರದ. ಬಿಸಲು ಬಿದ್ರ ಪಾಚಿ ಕಟ್ಟತೈತಿ. ಮುಚ್ಚಳ ಬಿಗಿ ಇರ್ಲಿ. ಮನೀಗೆ ಬೀಗರು ಬಂದಾಗ ಹೆಂಗ ನೋಡ್ಕೋತೀರಿ, ಹಂಗ ನೋಡ್ಕೋರಿ ಆ ನೀರನ್ನ."

ಫಕ್ಕೀರೇಶ ತನ್ನ ಬೀಗರನ್ನೂ ಹಾಗೆ ನೋಡಿಕೊಂಡವನಲ್ಲ. ಈ ನೀರನ್ನು ನೋಡಿಕೊಂಡ. ಈಶಾನ್ಯ ಮೂಲೆಗೆ ಮೀನಿನ ಗಾಜಿನ ಪೆಟ್ಟಿಗೆ ಬಂತು. ಹೊಸ ನೀಲಿ ಡ್ರಮ್ಮು ಬಂತು. ಬಂಕಾಪುರದ ಘಟಕದಿಂದ ಟಿವಿಎಸ್ ಗಾಡಿಯ ಮೇಲೆ ಕ್ಯಾನು ಕ್ಯಾನು ನೀರು ಬಂತು. ಬಿಸಿಲು ಬೀಳಬಾರದೆಂದು ಹೆಂಡತಿ ರಾಜಶ್ರೀಯ ಕರಿ ಚಂದ್ರಕಾಳಿ ಸೀರೆಯನ್ನು ಡ್ರಮ್ಮಿಗೆ ನಿರಿಗೆ ಹಿಡಿದು ಉಡಿಸಿದ. ಮದುವೆಯಾಗಿ ಇಷ್ಟು ವರ್ಷದಲ್ಲಿ ತನ್ನ ಸೆರಗು ಸರಿಯಿದೆಯೋ ಇಲ್ಲವೋ ನೋಡದ ಗಂಡ ದಿನಕ್ಕೆ ಹತ್ತು ಸಲ ಡ್ರಮ್ಮಿನ ಸೆರಗು ಸರಿಪಡಿಸುವುದನ್ನು ಕಂಡು ರಾಜಶ್ರೀ ದಂಗಾದಳು. ಕೈ ತೊಳೆಯದೆ ಅದರ ಹತ್ತಿರ ಹೋಗುವಂತಿರಲಿಲ್ಲ. ತೊಳೆದ ಮೇಲೆ ಅವನಿಗೆ ಕೈ ಮೂಸಲು ಕೊಡದೆ ಹೋಗುವಂತಿರಲಿಲ್ಲ.

ಮತ್ತೆ ಇದೆಲ್ಲ ಗುಟ್ಟು. ನಮ್ಮ ಓಣಿಯಲ್ಲಿ ಮೀನು ಎಂಬ ಶಬ್ದ ರಾಶಿಭವಿಷ್ಯದಲ್ಲಿ ಬಿಟ್ಟರೆ ಮತ್ತೆಲ್ಲೂ ಕೇಳುವುದಿಲ್ಲ. ಫಕ್ಕೀರೇಶನ ಮನೆಗೆ ಮೀನು ಬಂದಿದೆ ಎಂದರೆ ಒಲೆಯ ಮೇಲೆ ಏನಿದೆಯೆಂದು ನೋಡಲು ಜನ ಸಾಲುಗಟ್ಟುವುದು ಖಂಡಿತ. ಸಭೆ ಮುಗಿದು ಖಾಯಂ ಆಗುವ ತನಕ ಬಾಯಿ ಬಿಡಬಾರದೆಂದು ಗಂಡ ಹೆಂಡತಿ ಕಿಟಕಿಗೂ ಮೀನಿನ ಮೂಲೆಗೂ ಪರದೆ ಹಾಕಿ ಕುಳಿತರು.

ಪರದೆ ಹಾಕಿದರೆ ಟಿವಿಎಸ್ ಕಾಣದೇ ಇರುತ್ತದೆಯೇ? ಊರಿಗೆಲ್ಲ ನಳ ಬಿಡುವ ಮನುಷ್ಯ ದಿನಾ ಪರವೂರಿನಿಂದ ನೀರು ಹೊತ್ತು ತರುವುದನ್ನು ಊರು ನೋಡಿತು. ಅವನು ಜೋಳ ಬೀಸಿಸಲು ಬಂದ ದಿನ ನಾನು ಕೇಳಿಯೇಬಿಟ್ಟೆ. ಗಿರಣಿ ನಡೆಯುತ್ತಿತ್ತು. ತಕ್ಕಡಿಯ ಹತ್ತಿರ ಅವನ ಪಕ್ಕದ ಮನೆಯ ಸಿದ್ದವ್ವ ಬುಟ್ಟಿ ಹಿಡಿದು ನಿಂತಿದ್ದಳು.

"ಅಲ್ಲೋ ಫಕ್ಕೀರೇಶ, ನಳ ಬಿಡಾಂವ ನೀನು. ನೀನ ಬಂಕಾಪುರದ ನೀರು ತರ್ತೀಯಲ್ಲ, ಯಾಕ?"

ಅವನು ಅತ್ತ ಇತ್ತ ನೋಡಿ, ನನ್ನ ಕಿವಿಯ ಹತ್ತಿರ ಬಾಯಿ ತಂದು ಏನೋ ಪಿಸುಗುಟ್ಟಿದ. ಆ ಪಿಸುಮಾತಿನಲ್ಲಿ ಮೀನಿನ ಕಥೆಯೆಲ್ಲ ಇತ್ತಂತೆ. ನನಗೆ ಕೇಳಿಸಿದ್ದು ಬೆಲ್ಟಿನ ಸದ್ದು.

"ಏನಂದಿ? ಜೋರ ಹೇಳೋ!"

"ನಳದ ನೀರಿಗೆ ಸಾಯ್ತಾವೋ ಮಾರಾಯಾ!" ಎಂದು ಕಿರುಚಿದ. "ಎಲ್ಲಾ ಸಾಯ್ತಾವ!"

ಮೀನು ಸಾಯ್ತಾವ, ಮನುಷ್ಯರು ಸಾಯ್ತಾರ. ನಮ್ಮ ಕಡೆಯ ಮಾತಿನಲ್ಲಿ ಮೀನಿಗೂ ಮನುಷ್ಯನಿಗೂ ಇರುವ ಅಂತರ ಒಂದೇ ಅಕ್ಷರ. ಆ ಅಕ್ಷರವನ್ನು ನನ್ನ ಗಿರಣಿ ನುಂಗಿ, ತನ್ನದೊಂದು ಅಕ್ಷರ ಸೇರಿಸಿ ಹೊರಗೆ ಕೊಟ್ಟಿತು. 'ನಳದ ನೀರಿಗೆ ಸಾಯ್ತಾರ. ಎಲ್ಲಾ ಸಾಯ್ತಾರ.' ಇದು ನನಗೊಬ್ಬನಿಗೇ ಕೇಳಿದ್ದರೆ ಕಿವಿಯ ದೋಷವೆನ್ನಬಹುದಿತ್ತು. ಸಿದ್ದವ್ವನಿಗೂ ಹಾಗೇ ಕೇಳಿತು. ಅವಳ ಬುಟ್ಟಿ ನೆಲಕ್ಕೆ ಬಿತ್ತು. ಅಂದು ಬೆಳಿಗ್ಗೆಯಷ್ಟೇ ಎರಡು ತಂಬಿಗೆ ನಳದ ನೀರು ಕುಡಿದು ಬಂದಿದ್ದೆ. ನಾನು ಹೌಹಾರಿ ಗಿರಣಿ ಬಂದು ಮಾಡುವಷ್ಟರಲ್ಲಿ ಫಕ್ಕೀರೇಶ ಹಿಟ್ಟಿನ ಚೀಲ ಹೊತ್ತು ಹೋಗಿಯಾಗಿತ್ತು. ಸಿದ್ದವ್ವ ಅವನಿಗಿಂತ ಮೊದಲೇ ಊರು ಸೇರಿದ್ದಳು.

"ಯವ್ವಾ, ನೀರಗಂಟಿನ ಹೇಳ್ಯಾನ, ನಾ ಕಿವಿಯಾರೆ ಕೇಳೇನಿ!" ಎಂದು ಅವಳು ಓಣಿಯ ಬಾಯಲ್ಲಿ ನಿಂತು ಕೂಗಿದಳು. "ನಳದ ನೀರು ಕುಡದವರು ಎಲ್ಲಾರೂ ಸಾಯ್ತಾರಂತ! ಅದಕ್ಕ ಅಂವ ತನ್ನ ಹೇಣ್ತಿಗೆ ಬಂಕಾಪುರದ ನೀರು ಕುಡಸಾಕತ್ತಾನ!"

ಮುಂದಿನದನ್ನು ನಾನು ಕಣ್ಣಾರೆ ಕಂಡೆ. ಕೊಡ, ಹಂಡೆ, ಬಿಂದಿಗೆ, ಪಾತೇಲಿ ಎಲ್ಲವನ್ನೂ ಜನ ಹೊರಗೆ ತಂದು ಸುರಿದರು. ಬೇಸಿಗೆಯಲ್ಲಿ ಗಟಾರು ತುಂಬಿ ಹರಿಯಿತು. ಬಾಯಿ ಬಿಟ್ಟರೆ ಮೀನಿನ ಗುಟ್ಟು ಹೊರಬೀಳುತ್ತದೆಂದು ಫಕ್ಕೀರೇಶ ಮಾತ್ರ ಮನೆ ಬಿಟ್ಟು ಹೊರಗೆ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಊರಿನ ಅರ್ಧ ಜನಕ್ಕೆ ಹೊಟ್ಟೆನೋವು ಶುರುವಾಯಿತು. ಹೊಟ್ಟೆ ನೋಯದವರು ತಮಗೇಕೆ ಇನ್ನೂ ನೋಯುತ್ತಿಲ್ಲವೆಂದು ಗಾಬರಿಯಾದರು. ಚಹಾದಂಗಡಿಯ ಇಸ್ಮಾಯಿಲಸಾಬ 'ಇಲ್ಲಿ ಹಾಲಿನಲ್ಲೇ ಚಹಾ, ನೀರು ಇಲ್ಲ' ಎಂದು ಸುಣ್ಣದಲ್ಲಿ ಬರೆದು ಹಲಗೆ ತೂಗುಹಾಕಿದ. ಅಂದು ಅವನ ವ್ಯಾಪಾರ ಎಂದೂ ಆಗದಷ್ಟು ಆಯಿತು. ಶಿಗ್ಗಾವಿಯಿಂದ ನನ್ನ ಷಡ್ಡಕ ಫೋನು ಮಾಡಿ, "ಇನ್ನೂ ಅದೀರೇನ್ರಿ?" ಎಂದು ಕೇಳಿದ. ಅವನ ದನಿಯಲ್ಲಿ ಬೇಸರಕ್ಕಿಂತ ಕುತೂಹಲವೇ ಹೆಚ್ಚಿತ್ತು.

ಹಿರೇಕೆರೂರು ತಾಲೂಕಿನ ಅಬಲೂರಿಗೂ ಸುದ್ದಿ ಮುಟ್ಟಿತು. ಅಲ್ಲಿ ರಾಜಶ್ರೀಯ ತವರು. ಅವಳ ತಾಯಿ ಮಂಜವ್ವ ಮರುದಿನ ಬೆಳಿಗ್ಗೆಯ ಬಸ್ಸಿನಲ್ಲಿ ಎರಡು ಕೈಯಲ್ಲಿ ಎರಡು ಕ್ಯಾನು ಅಬಲೂರಿನ ನೀರು ಹಿಡಿದು, ಬಸ್‌ಸ್ಟ್ಯಾಂಡಿನಿಂದಲೇ ಅಳುತ್ತ ಬಂದಳು.

"ನನ್ನ ಮಗಳು ಎಲ್ಲೆ? ಜೀವ ಐತೋ ಇಲ್ಲೋ?" ಎಂದು ಬಾಗಿಲು ತಳ್ಳಿ ಒಳಗೆ ಹೋದಳು. ಮರುಕ್ಷಣ ಒಳಗಿನಿಂದ ಎಂಥ ಚೀರಾಟ ಕೇಳಿಬಂತೆಂದರೆ, ಪಂಚಾಯ್ತಿ ಕಟ್ಟೆಯಲ್ಲಿ ಸಭೆಗೆಂದು ಸೇರಿದ್ದ ಮಂದಿಯೆಲ್ಲ ಎದ್ದು ಓಡಿಬಂದರು. ಅಧ್ಯಕ್ಷೆ ಮುಮ್ತಾಜಬೇಗಂ ಎಲ್ಲರಿಗಿಂತ ಮುಂದಿದ್ದರು. ಹೊಟ್ಟೆನೋವಿನವರನ್ನು ನೋಡಲು ಬಂದಿದ್ದ ಆರೋಗ್ಯ ಕೇಂದ್ರದ ವಿದ್ಯಾ ಸಿಸ್ಟರ್ ಕೂಡ ಚೀಲ ಹಿಡಿದು ಓಡಿದರು. ನಾನೂ ಓಡಿದೆ.

ಕತ್ತಲೆ ಮೂಲೆಯಲ್ಲಿ ಕರಿ ಸೀರೆ ಉಟ್ಟು, ತಲೆಯಿಲ್ಲದೆ ಕುಳಿತಿತ್ತು ಡ್ರಮ್ಮು. ಅದರ ಮುಂದೆ ಮಂಜವ್ವ ಕುಸಿದು ಕುಳಿತಿದ್ದಳು.

"ನನ್ನ ಮಗಳ ಸೀರಿ! ಬರೇ ಮುಂಡ ಉಳದೈತಲ್ಲೋ ಯಪ್ಪಾ!"

ಸಿದ್ದವ್ವ ಎದೆ ಬಡಿದುಕೊಂಡಳು. ಹಿಂದಿದ್ದವರು ಏನೂ ಕಾಣದೆಯೇ ಅಳತೊಡಗಿದರು. ಅಷ್ಟರಲ್ಲಿ ಅಡಿಗೆಮನೆಯಿಂದ ರೊಟ್ಟಿ ಹಿಟ್ಟಿನ ಕೈಯಲ್ಲಿ ರಾಜಶ್ರೀಯೇ ಹೊರಗೆ ಬಂದು, "ಯಾರು ಸತ್ರು?" ಎಂದು ಕೇಳಿದಳು. ಮಂಜವ್ವ ಮಗಳನ್ನು ನೋಡಿ ಎರಡನೆಯ ಸಲ ಚೀರಿದಳು. ಈ ಸಲದ್ದು ಮೊದಲಿನದಕ್ಕಿಂತ ಜೋರಿತ್ತು.

ಮುಮ್ತಾಜಬೇಗಂ ಹೆದರುವ ಹೆಂಗಸಲ್ಲ. ಸೀರೆ ಎಳೆದು ಮುಚ್ಚಳ ತೆಗೆದೇಬಿಟ್ಟರು.

"ಕೈ! ಕೈ ಅದ್ದಬ್ಯಾಡ್ರಿ ಮೇಡಂ!" ಎಂದು ಫಕ್ಕೀರೇಶ ಹಿತ್ತಿಲಿನಿಂದ ಹಾರಿಬಂದ. "ಅವಕ್ಕ ಆಗಿಬರಂಗಿಲ್ಲ!"

"ಯಾವುಕ್ಕ?"

ಊರೆಲ್ಲ ಅವನ ಬಾಯಿ ನೋಡುತ್ತಿತ್ತು. ರಾಜಶ್ರೀ ಸುಮ್ಮನೆ ಹೋಗಿ ಈಶಾನ್ಯ ಮೂಲೆಯ ಪರದೆ ಸರಿಸಿದಳು. ಗಾಜಿನ ಪೆಟ್ಟಿಗೆಯಲ್ಲಿ ಕೆಂಪು ನೀಲಿ ಮೀನುಗಳು ಈ ಗದ್ದಲಕ್ಕೂ ತಮಗೂ ಸಂಬಂಧವಿಲ್ಲವೆಂಬಂತೆ ಓಡಾಡುತ್ತಿದ್ದವು.

"ಶಿವಶಿವಾ, ಮೀನ!" ಎಂದಳು ಸಿದ್ದವ್ವ. "ನಮ್ಮ ಓಣ್ಯಾಗ ಮೀನ!"

"ತಿನ್ನಾಕಲ್ಲ ಯವ್ವಾ, ನೋಡಾಕ" ಎಂದ ಫಕ್ಕೀರೇಶ. "ನಳದ ನೀರು ಹಾಕಿದ್ರ ಇವು ಸಾಯ್ತಾವ ಅಂತ ಗುಡ್ಡಪ್ಪಗ ಗಿರಣ್ಯಾಗ ಹೇಳಿದ್ದೆ. ಸಾಯ್ತಾವ ಅಂದಿದ್ದೆ. ವ. ವಕಾರ!"

ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ನಾನು ಸಿದ್ದವ್ವನ ಕಡೆ ನೋಡಿದೆ. ಇಷ್ಟಕ್ಕೆ ನಕ್ಕು ಮನೆಗೆ ಹೋಗುವ ಜನವಾಗಿದ್ದರೆ ಅದು ಕರೇಬಾವಿ ಹೇಗಾಗುತ್ತದೆ? ಇಸ್ಮಾಯಿಲಸಾಬ ಗಂಟಲು ಸರಿಪಡಿಸಿಕೊಂಡ. ಹಾಲಿನ ಚಹಾದ ವ್ಯಾಪಾರ ನಿಲ್ಲುವುದು ಅವನಿಗೆ ಬೇಕಿರಲಿಲ್ಲ.

"ಅಂದ್ರ ನಳದ ನೀರು ಮೀನಿಗೆ ಆಗಂಗಿಲ್ಲ, ನಮಗ ನಡೀತೈತಿ. ಹೌದಲ್ಲೋ? ನಾವು ಮೀನಕ್ಕಿಂತ ಕಡಿಮಿ ಆದ್ವಿ?"

ಜನರಿಗೆ ರೋಷ ಉಕ್ಕಿತು. ಸಾಯುವ ಭಯಕ್ಕಿಂತ ಈ ಅವಮಾನ ಅವರಿಗೆ ಹೆಚ್ಚು ತಟ್ಟಿತು. ಫಕ್ಕೀರೇಶ ಕೈ ಮುಗಿದ.

"ಹಂಗಲ್ರಿ. ನಳದ ನೀರಿಗೆ ನಾ ಬ್ಲೀಚಿಂಗ್ ಪೌಡರ ಹಾಕ್ತೇನಿ. ಮನಷ್ಯಾರಿಗೆ ಅದು ಛಲೋ, ರೋಗ ಬರಂಗಿಲ್ಲ. ಮೀನಿಗೆ ಅದು ವಿಷ."

ಆ ವಾಕ್ಯದಲ್ಲಿ ಜನ ಕೊನೆಯ ಶಬ್ದವನ್ನು ಮಾತ್ರ ಆರಿಸಿಕೊಂಡರು. ಈಗಂತೂ ಗಿರಣಿಯೂ ನಡೆಯುತ್ತಿರಲಿಲ್ಲ, ಇದನ್ನು ಓದುವವರು ಗಮನಿಸಬೇಕು.

"ವಿಷ ಅಂತ ಅವನ ಬಾಯಿಂದನ ಬಂತು!" ಎಂದು ಕೂಗಿದಳು ಸಿದ್ದವ್ವ.

ಮುಮ್ತಾಜಬೇಗಂ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. "ಬಾಯಿಮಾತು ಸಾಕು. ಇವತ್ತ ಇವನ್ನ ಖಾಯಂ ಮಾಡೋ ಠರಾವು ಐತಿ. ಅದಕ್ಕೂ ಮದಲ ಎಲ್ಲಾರ ಮುಂದ ಈ ಮೀನ ನಳದ ನೀರಿನ್ಯಾಗ ಬಿಡೋಣು. ಬದುಕಿದ್ವು ಅಂದ್ರ ನೀರು ಛಲೋ ಐತಿ, ಫಕ್ಕೀರೇಶ ಖಾಯಂ. ಸತ್ವು ಅಂದ್ರ ನಾಳಿಂದ ಬ್ಯಾರೆ ನೀರಗಂಟಿ."

"ಉಲ್ಟಾ ಆತಲ್ರಿ ಮೇಡಂ!" ಫಕ್ಕೀರೇಶನ ದನಿ ಅಳುವಂತಾಗಿತ್ತು. "ಇವು ಸತ್ರನ ನೀರು ಛಲೋ ಐತಿ ಅಂತ ಅರ್ಥ!"

ಜನ ಗೊಳ್ಳೆಂದು ನಕ್ಕರು. ಪಾಪ, ನ್ಯಾಯವಾದ ಮಾತೇ. ಆದರೆ ನೀರು ಕುಡಿದ ಜೀವ ಸತ್ತರೆ ನೀರು ಒಳ್ಳೆಯದೆಂದು ಯಾವ ಊರಿನಲ್ಲಾದರೂ ಯಾರಾದರೂ ಒಪ್ಪುತ್ತಾರೆಯೇ? ನಾನೇ ಒಪ್ಪಲಿಲ್ಲ. ವಿದ್ಯಾ ಸಿಸ್ಟರ್ ಏನೋ ಹೇಳಲು ಹೋದರು. ಆ ಗದ್ದಲದಲ್ಲಿ ಅವರ ಮಾತು ಯಾರಿಗೂ ಕೇಳಲಿಲ್ಲ.

ಇಸ್ಮಾಯಿಲಸಾಬನ ಅಂಗಡಿಯಿಂದ ಖಾರಿ ಬಿಸ್ಕತ್ತಿನ ಗಾಜಿನ ಬರಣಿ ತಂದರು. ತೊಳೆದು ಟಾಕಿಯ ಬುಡದ ನಳದಿಂದ ನೀರು ತುಂಬಿ, ಪಂಚಾಯ್ತಿ ಕಟ್ಟೆಯ ಮೇಲಿಟ್ಟರು. ಫಕ್ಕೀರೇಶ ಜಾಳಿಗೆಯಲ್ಲಿ ಮೀನುಗಳನ್ನು ಹಿಡಿದು ತಂದ. ರಾಜಶ್ರೀ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಮೀನು ಹೋದರೆ ನೌಕರಿ ಹೋಯಿತು, ನೌಕರಿ ಹೋದರೆ ಮನೆ ನಡೆಯುವುದು ಹೇಗೆಂದು ಅವಳ ಮುಖದ ಮೇಲೆಯೇ ಬರೆದಿತ್ತು.

"ಹೋಗಿ ಬರ್ರಿ ನನ್ನಪ್ಪಗಳ್ರಾ" ಎಂದು ಹೇಳಿ ಅವನು ಮೀನುಗಳನ್ನು ಬರಣಿಗೆ ಬಿಟ್ಟು ಕಣ್ಣು ಮುಚ್ಚಿದ.

ಊರು ಬಗ್ಗಿ ನೋಡಿತು. ಮೀನುಗಳು ಒಂದು ಸುತ್ತು ಹಾಕಿದವು. ಇನ್ನೊಂದು ಸುತ್ತು ಹಾಕಿದವು. ಬರಣಿಯ ಸಂದಿಯಲ್ಲಿ ಉಳಿದಿದ್ದ ಖಾರಿಯ ಚೂರೊಂದನ್ನು ಹುಡುಕಿ ತಿಂದವು. ಬಿಸಿಲು ಸರಿಯಿತು. ಕಟ್ಟೆಯ ಮೇಲೆ ಕುಳಿತವರ ಕಾಲು ಜೋಮು ಹಿಡಿಯಿತು. ಮೀನುಗಳಿಗೆ ಏನೂ ಆಗಲಿಲ್ಲ. ನಿಜ ಹೇಳಬೇಕೆಂದರೆ ಫಕ್ಕೀರೇಶನ ಮನೆಯಲ್ಲಿದ್ದುದಕ್ಕಿಂತ ಚುರುಕಾಗಿದ್ದವು.

"ಬದುಕ್ಯಾವ!" ಎಂದು ಮಂಜವ್ವ ಚಪ್ಪಾಳೆ ತಟ್ಟಿದಳು. ಊರೆಲ್ಲ ತಟ್ಟಿತು. ಹೊಟ್ಟೆನೋವಿನವರು ಎದ್ದು ನಿಂತರು. ಸಿದ್ದವ್ವ, "ನಾ ಮದಲ ಹೇಳಿದ್ದೆ, ನಮ್ಮ ನೀರು ಅಮೃತ" ಎಂದು ಯಾರಿಗೋ ಹೇಳತೊಡಗಿದಳು. ಇಸ್ಮಾಯಿಲಸಾಬ ತನ್ನ ಹಲಗೆ ಇಳಿಸಲು ಹೋದ.

ಫಕ್ಕೀರೇಶ ಕಣ್ಣು ತೆರೆದ. ಬರಣಿ ನೋಡಿದ. ಬರಣಿಗೆ ಮೂಗು ಹಚ್ಚಿ ಬಗ್ಗಿ ನಿಂತ. ಪಕ್ಕದಲ್ಲಿದ್ದ ನನಗೆ ಅವನ ಪಿಸುಮಾತು ಸ್ಪಷ್ಟವಾಗಿ ಕೇಳಿತು, ಅಷ್ಟು ಚೆನ್ನಾಗಿವೆ ನನ್ನ ಕಿವಿ.

"ಯಾಕ ಸಾಯಾಕತ್ತಿಲ್ಲ ಇವು? ಸಾಯ್ರಿ... ಸಾಯ್ರಿ..."

ಇವನಿಗೆ ಹುಚ್ಚು ಹಿಡಿಯಿತೆಂದುಕೊಂಡೆ. ಅಷ್ಟರಲ್ಲಿ ವಿದ್ಯಾ ಸಿಸ್ಟರ್ ಬಂದು ಅವನ ಪಕ್ಕ ನಿಂತರು. ಅವರು ನಗುತ್ತಿರಲಿಲ್ಲ.

"ಫಕ್ಕೀರೇಶ, ಟಾಕಿಗೆ ಪೌಡರ ಹಾಕಿ ಎಷ್ಟ ದಿನ ಆತು?"

ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಬರಣಿಯೊಳಗಿನ ಮೀನುಗಳೂ ಅದನ್ನೇ ಮಾಡುತ್ತಿದ್ದವು.

"ಮೀನ ತಂದಾಗಿಂದ... ಬಂಕಾಪುರಕ್ಕ ಹೋಗೋದು, ಡ್ರಮ್ಮು ತೊಳಿಯೋದು, ಉಪ್ಪು ಬೆರಸೋದು..." ಅವನು ಬೆರಳು ಮಡಚಿ ಎಣಿಸಿದ. "ಟಾಕಿ ನೆನಪ ಆಗಿಲ್ರಿ ಸಿಸ್ಟರ."

ನನಗೆ ತಲೆಯ ಮೇಲೆ ಕಲ್ಲು ಬಿದ್ದಂತಾಯಿತು. ಈ ಪುಣ್ಯಾತ್ಮ ಮೀನಿನ ನೀರು ಶುದ್ಧ ಮಾಡುವ ಸಂಭ್ರಮದಲ್ಲಿ ಊರಿನ ನೀರು ಶುದ್ಧ ಮಾಡುವುದನ್ನೇ ಮರೆತಿದ್ದ! ಊರವರು ಚಪ್ಪಾಳೆ ತಟ್ಟುತ್ತಿದ್ದುದು ಅವನ ತಪ್ಪಿಗೆ.

"ನಾ ಈಗ ಹೇಳಿದ್ರ ಈ ಮಂದಿ ನಿನ್ನ ಬಿಡಂಗಿಲ್ಲ" ಎಂದರು ಸಿಸ್ಟರ್ ಮೆಲ್ಲಗೆ. "ನಾಳೆ ಮುಂಜಾನೆ ನೀರು ನೋಡಾಕ ಬರ್ತೇನಿ. ಪೌಡರ ಇದ್ರ ನನ್ನ ಶೀಶೆದಾಗಿನ ನೀರು ಹಳದಿ ಆಕ್ಕೈತಿ. ಆಗಲಿಲ್ಲ ಅಂದ್ರ ಅಧ್ಯಕ್ಷರಿಗೆ ಎಲ್ಲಾ ಹೇಳಾಕಿ."

ಹಿಂದಿನಿಂದ ಮುಮ್ತಾಜಬೇಗಂ ಅವನ ಕೊರಳಿಗೆ ಹಾರ ಹಾಕಿದರು. ಠರಾವು ಪಾಸಾಯಿತು. ಫಕ್ಕೀರೇಶ ಖಾಯಂ ಆದ. ಆದವನೇ ಹಾರ ತೆಗೆಯದೆ, ಪಂಚಾಯ್ತಿ ಕೋಣೆಗೆ ಓಡಿ ಪೌಡರಿನ ಡಬ್ಬಿ ಬಗಲಲ್ಲಿ ಅವುಚಿಕೊಂಡು ಟಾಕಿಯ ನಿಚ್ಚಣಿಕೆ ಹತ್ತತೊಡಗಿದ. ಹೂವಿನ ಎಸಳುಗಳು ಕೆಳಗೆ ನಿಂತವರ ತಲೆಯ ಮೇಲೆ ಉದುರಿದವು.

"ನೋಡ್ರಿ, ಖಾಯಂ ಆದ ಕೂಡ್ಲೆ ಕೆಲಸಕ್ಕ ಓಡಿದ!" ಎಂದು ಮಂಜವ್ವ ಅಳಿಯನನ್ನು ಕಂಡು ಕಣ್ಣೊರೆಸಿಕೊಂಡಳು.

ಗಾಬರಿಯಲ್ಲಿ ಅವನು ಅಳತೆಗಿಂತ ಒಂದು ಹಿಡಿ ಹೆಚ್ಚೇ ಹಾಕಿದನೆಂದು ಕಾಣುತ್ತದೆ. ಮರುದಿನ ಬೆಳಿಗ್ಗೆ ನಳದ ನೀರು ಘಮ್ಮೆಂದಿತು. ಊರವರು ಮೂಗು ಹಿಂಡಿ, ಖಾಯಂ ನೀರಗಂಟಿಯ ನೀರಿನ ಖದರೇ ಬೇರೆ ಎಂದು ಮಾತಾಡಿಕೊಂಡರು.

ನಾನು ಎದ್ದವನೇ ಫಕ್ಕೀರೇಶನ ಮನೆಗೆ ಹೋದೆ. ವಿದ್ಯಾ ಸಿಸ್ಟರ್ ಅಷ್ಟರಲ್ಲೇ ಅಂಗಳದ ನಳದ ಹತ್ತಿರ ನಿಂತು ಸಣ್ಣ ಶೀಶೆಗೆ ನೀರು ಹಿಡಿದು ಔಷಧಿಯ ಹನಿ ಹಾಕುತ್ತಿದ್ದರು. ಫಕ್ಕೀರೇಶ ಹೊಸಿಲ ಮೇಲೆ ತಲೆಗೆ ಕೈ ಹೊತ್ತು ಕುಳಿತಿದ್ದ. ಒಳಗೆ ರಾಜಶ್ರೀ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಏನಾತೋ?" ಎಂದೆ.

"ನಳದ ನೀರು ಆಗಿಬರ್ತೈತಿ ಅಂತ ಊರೆಲ್ಲ ನೋಡೇತಿ, ಇನ್ನ ಬಂಕಾಪುರದ ನೀರ್ಯಾಕ ಅಂದ್ಲು ನನ್ನ ಹೇಣ್ತಿ. ಮುಂಜಾನೆ ಎದ್ದಾಕಿನ ಡ್ರಮ್ಮಿನ ನೀರು ತುಳಸಿಗೆ ಸುರುವಿ, ಮೀನಿನ ಪೆಟಿಗಿ ತುಂಬ ನಳದ್ದ ಹಾಕ್ಯಾಳ."

ಶೀಶೆಯ ನೀರು ಹಳದಿಯಾಯಿತು. ಸಿಸ್ಟರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವನ ಕಡೆ ತಿರುಗಿದರು.

"ಮೀನ ಹೆಂಗದಾವ?"

"ಅಷ್ಟೂ ಸತ್ತಾವ್ರಿ" ಎಂದ ಫಕ್ಕೀರೇಶ, ಅಳುತ್ತ.

ವಿದ್ಯಾ ಸಿಸ್ಟರ್ ನಳದ ಕೆಳಗೆ ತಂಬಿಗೆ ಹಿಡಿದು, ತುಂಬಿಸಿ, ನಿಂತಲ್ಲೇ ಗಟಗಟ ಕುಡಿದರು. ಬಾಯೊರೆಸಿಕೊಂಡು ತಂಬಿಗೆಯನ್ನು ಅವನ ಕೈಗಿಟ್ಟರು.

"ಈಗ ಖಾಯಂ ಆದಿ ನೋಡು" ಎಂದರು.